ಮೆಡಲ್ಲು ಗೋಡೆ ಮೇಲಿದೆ, ಬಸ್ಸು ಹೊರಟುಹೋಯ್ತು

ನಮ್ಮ ಮನೆ ಹಾಲ್‌ನಲ್ಲಿ ನಾಲ್ಕು ಮೆಡಲ್ಲು ನೇತಾಡ್ತಿವೆ. ನಾಲ್ಕೂ ಹತ್ತು ಕಿಲೋಮೀಟರ್ ಓಟದವು. ಮನೆಗೆ ಬಂದವರು ‘ಓಹೋ, ನೀವು ರನ್ನರ್ರಾ?’ ಅಂತ ಕೇಳಲಿ ಅನ್ನೋ ಆಸೆಯಿಂದಲೇ ಟೀವಿ ಪಕ್ಕದಲ್ಲಿ ಮೊಳೆ ಹೊಡೆದದ್ದು. ಸುಳ್ಳು ಯಾಕೆ ಹೇಳಲಿ.

ನಾಲ್ಕನೇ ಮೆಡಲ್ಲು ಬಂದು ಮೂರು ವಾರವಾಗಿತ್ತು. ಬೆಳಗ್ಗೆ ಮಾರತ್ತಹಳ್ಳಿ ಬ್ರಿಡ್ಜ್ ಹತ್ತಿರ 500ಡಿ ಬಸ್ಸು ನಿಂತಿತ್ತು. ನನಗೂ ಅದಕ್ಕೂ ನಡುವೆ ಹೆಚ್ಚೆಂದರೆ ಅರವತ್ತು ಮೀಟರ್. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಕಾಲಿಗೆ ಆಫೀಸ್ ಶೂ. ಓಡಿದೆ. ಮೊದಲ ಇಪ್ಪತ್ತು ಮೀಟರ್ ಪರವಾಗಿಲ್ಲ. ಮೂವತ್ತಕ್ಕೆ ತೊಡೆಯೊಳಗೆ ಯಾರೋ ಸಿಮೆಂಟು ಸುರಿದಂತಾಯ್ತು. ನಲವತ್ತಕ್ಕೆ ಗಂಟಲಲ್ಲಿ ಕಬ್ಬಿಣದ ರುಚಿ. ಕಂಡಕ್ಟರ್ ಬಾಗಿಲಲ್ಲೇ ನಿಂತು ‘ಬನ್ನಿ ಸಾರ್, ಬನ್ನಿ ಬನ್ನಿ’ ಅಂತ ಕೈ ಬೀಸಿದರು. ನಾನು ಓಟ ಬಿಟ್ಟು ನಡೆಯೋಕೆ ಶುರು ಮಾಡಿದ್ದು ಕಂಡು ‘ರೈಟ್’ ಅಂದರು. ಕರೆಂಟ್ ಕಂಬ ಹಿಡಿದು ಕೆಮ್ಮುತ್ತಾ ನಿಂತಿದ್ದವನಿಗೆ ಅಲ್ಲೇ ಹೂವು ಮಾರುತ್ತಿದ್ದ ಅಜ್ಜಿ ‘ನೀರು ಬೇಕೇನಪ್ಪಾ’ ಅಂದಳು.

ಆಫೀಸಲ್ಲಿ ಇದನ್ನ ಜೋಕಿನ ಥರ ಹೇಳಿ ಎಲ್ಲರನ್ನೂ ನಗಿಸಿದೆ. ನಗು ಅಲ್ಲಿಗೇ ಮುಗಿದಿದ್ದರೆ ಇದನ್ನ ಬರೆಯೋ ಪ್ರಮೇಯ ಬರ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಭಾನುವಾರ ಸಂಜೆ. ಲೇಔಟಿನ ರಸ್ತೆಯಲ್ಲಿ ಮಗಳು ಚೆಂಡಾಡ್ತಿದ್ದಳು. ಆಗ ಅವಳಿಗೆ ನಾಲ್ಕು ವರ್ಷ. ಚೆಂಡು ಇಳಿಜಾರಲ್ಲಿ ಉರುಳಿತು, ಅವಳು ಅದರ ಹಿಂದೆ. ಇಳಿಜಾರು ಮುಗಿಯೋದು ಮೇನ್ ರೋಡಲ್ಲಿ. ಅಲ್ಲಿ ನೀರಿನ ಟ್ಯಾಂಕರ್ ಬರ್ತಿತ್ತು. ನಾನು ಅವಳಿಗಿಂತ ಇಪ್ಪತ್ತೈದು ಮೀಟರ್ ಹಿಂದಿದ್ದೆ. ಕೂಗಿದೆ, ಓಡಿದೆ. ಎಷ್ಟು ಓಡಿದರೂ ನಮ್ಮಿಬ್ಬರ ನಡುವಿನ ಜಾಗ ಕಮ್ಮಿ ಆಗಬೇಕಾದಷ್ಟು ಬೇಗ ಕಮ್ಮಿ ಆಗಲಿಲ್ಲ. ಮೂಲೆಯಲ್ಲಿ ಎಳನೀರು ಮಾರುವವರು ಮಚ್ಚು ಬಿಸಾಡಿ, ಹವಾಯಿ ಚಪ್ಪಲಿಯಲ್ಲೇ ನುಗ್ಗಿ, ಅವಳ ಫ್ರಾಕು ಹಿಡಿದು ಎಳೆದುಕೊಂಡರು. ಅವರಿಗೆ ಐವತ್ತೈದರ ಮೇಲಿರಬೇಕು. ನಾನು ತಲುಪುವ ಹೊತ್ತಿಗೆ ಅವರು ಮಗುವಿಗೆ ಬೈದೂ ಆಗಿತ್ತು, ಸಮಾಧಾನ ಮಾಡಿಯೂ ಆಗಿತ್ತು. ನನಗೆ ಥ್ಯಾಂಕ್ಸ್ ಹೇಳೋಕೂ ಉಸಿರಿರಲಿಲ್ಲ.

ಅವತ್ತು ರಾತ್ರಿ ಮೆಡಲ್ಲುಗಳನ್ನ ನೋಡಿ ನಾಚಿಕೆಯಾಯ್ತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಲ್ಲೇ ಹೇಳ್ತಿದೀನಿ: ನಮ್ಮ ತಲೆಮಾರಿನ ಫಿಟ್‌ನೆಸ್ಸು ದೊಡ್ಡ ನಾಟಕ. ಓಡುವುದನ್ನ ನಾವು ದಿನದ ಬದುಕಿನಿಂದ ಕಿತ್ತು ತೆಗೆದು, ವರ್ಷಕ್ಕೊಮ್ಮೆ ಟಿಕೆಟ್ ತಗೊಂಡು ಹೋಗೋ ಜಾತ್ರೆ ಮಾಡಿಟ್ಟಿದೀವಿ.

ಸ್ವಲ್ಪ ಯೋಚಿಸಿ. ರಾತ್ರಿ ಒಂಬತ್ತಕ್ಕೆ ಕೊತ್ತಂಬರಿ ಸೊಪ್ಪು ಬೇಕು. ಅಂಗಡಿ ಮುನ್ನೂರು ಮೀಟರ್ ದೂರ. ಫೋನ್ ಒತ್ತಿದರೆ ಹತ್ತು ನಿಮಿಷದಲ್ಲಿ ಒಬ್ಬ ಹುಡುಗ ತಂದುಕೊಡ್ತಾನೆ. ಅವನು ಬೈಕಿಂದ ಇಳಿದು ಓಡ್ತಾನೆ. ಲಿಫ್ಟು ಬರೋದು ತಡವಾದರೆ ಮೆಟ್ಟಿಲು ಹತ್ತುತ್ತಾನೆ. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಅವನಿಗೆ ಮೇನ್ ಲಿಫ್ಟಿಗೆ ಪ್ರವೇಶವೂ ಇಲ್ಲ. ನಾವು ಬಾಗಿಲು ತೆಗೆದು ಸೊಪ್ಪು ಇಸ್ಕೊಂಡು ವಾಚ್ ನೋಡ್ಕೋತೀವಿ: ‘ಅಯ್ಯೋ, ಇವತ್ತು ಇನ್ನೂ ಎರಡು ಸಾವಿರ ಸ್ಟೆಪ್ಸ್ ಬಾಕಿ.’ ಆಮೇಲೆ ಹಾಲ್‌ನಲ್ಲಿ ಸೋಫಾ ಸುತ್ತ ಪ್ರದಕ್ಷಿಣೆ.

ಅಂದರೆ ನಮ್ಮ ಪಾಲಿನ ಓಟವನ್ನ ಔಟ್‌ಸೋರ್ಸ್ ಮಾಡಿ ಅದಕ್ಕೆ ದುಡ್ಡು ಕೊಡ್ತೀವಿ. ಕಳಕೊಂಡ ಓಟವನ್ನ ವಾಪಸ್ ತಗೊಳ್ಳೋಕೆ ಇನ್ನೊಮ್ಮೆ ದುಡ್ಡು ಕೊಡ್ತೀವಿ. ಜಿಮ್ ಮೆಂಬರ್‌ಶಿಪ್ಪು, ವಾಚು, ಶೂ, ರೇಸಿನ ಬಿಬ್ಬು. ಇದನ್ನ ಲೈಫ್‌ಸ್ಟೈಲ್ ಅಂತಲೂ ಕರೀತೀವಿ.

ಆ ಹತ್ತು ಸಾವಿರ ಸ್ಟೆಪ್ಸ್ ಅನ್ನೋದು ಎಲ್ಲಿಂದ ಬಂತು ಗೊತ್ತಾ? ಯಾವ ಡಾಕ್ಟರ ಚೀಟಿಯಿಂದಲೂ ಅಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಆದಮೇಲೆ ಜಪಾನಿನಲ್ಲಿ ನಡಿಗೆಯ ಹುಚ್ಚು ಹತ್ತಿತು. 1965ರಲ್ಲಿ ಅಲ್ಲಿನ ಕಂಪನಿಯೊಂದು ಹೆಜ್ಜೆ ಎಣಿಸೋ ಯಂತ್ರ ಮಾರುಕಟ್ಟೆಗೆ ಬಿಟ್ಟು ‘ಮಾನ್ಪೋಕೆ’ ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮೀಟರು ಅಂತ ಅದರ ಅರ್ಥ. ಒಂದು ಪ್ರಾಡಕ್ಟಿನ ಹೆಸರನ್ನೇ ನಾವು ಇವತ್ತಿಗೂ ವೇದವಾಕ್ಯದ ಹಾಗೆ ಪಾಲಿಸ್ತಿದೀವಿ. ನಡೆಯೋದು ತಪ್ಪು ಅಂತ ಅಲ್ಲ, ನಡೆದಷ್ಟೂ ಒಳ್ಳೇದೇ. ಆದರೆ ಕಿಚನ್ನಿಂದ ಬಾಲ್ಕನಿಗೆ ಇಟ್ಟ ಹೆಜ್ಜೆಯೂ ಒಂದೇ, ನಾಲ್ಕು ಮಹಡಿ ಹತ್ತಿದ ಹೆಜ್ಜೆಯೂ ಒಂದೇ ಅಂತ ಎಣಿಸೋ ಲೆಕ್ಕ ಹೃದಯಕ್ಕೆ ಒಪ್ಪೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ ನೋಡಿ. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ತೀವ್ರತೆಯ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಚಟುವಟಿಕೆ. ಅದರ ಜೊತೆಗೆ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ಮೊದಲರ್ಧ ಎಲ್ಲರಿಗೂ ಬಾಯಿಪಾಠ. ಎರಡನೇ ಅರ್ಧವನ್ನ ಓದಿದವರೇ ಕಮ್ಮಿ. ನಾನೂ ಓದಿರಲಿಲ್ಲ.

ಈಗ ಮೂಲ ಪ್ರಶ್ನೆಗೆ ಬರೋಣ. ಹತ್ತು ಕಿಲೋಮೀಟರ್ ಓಡುವವನಿಗೆ ಅರವತ್ತು ಮೀಟರ್ ಯಾಕೆ ಆಗಲಿಲ್ಲ? ಸಂಬಳದ ಜನ ನಾವು, ದುಡ್ಡಿನ ಭಾಷೆಯಲ್ಲೇ ಹೇಳ್ತೀನಿ. ದೇಹಕ್ಕೆ ಶಕ್ತಿಯ ಖರ್ಚಿಗೆ ಮೂರು ದಾರಿ. ಮೊದಲನೆಯದು ಜೇಬಲ್ಲಿರೋ ಕ್ಯಾಶು: ಸ್ನಾಯುವಿನೊಳಗೆ ಮೊದಲೇ ಕೂಡಿಟ್ಟಿರುವ ಎಟಿಪಿ ಮತ್ತು ಕ್ರಿಯಾಟಿನ್ ಫಾಸ್ಫೇಟ್. ತಕ್ಷಣ ಸಿಗುತ್ತೆ, ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ಎರಡನೆಯದು ಕ್ರೆಡಿಟ್ ಕಾರ್ಡು: ಆಮ್ಲಜನಕಕ್ಕೆ ಕಾಯದೆ ಸಕ್ಕರೆ ಅಂಶವನ್ನ ಬೇಗಬೇಗ ಒಡೆಯೋದು. ಒಂದೆರಡು ನಿಮಿಷ ನಡೆಯುತ್ತೆ, ಆಮೇಲೆ ಬಿಲ್ಲು ಬರುತ್ತೆ: ಉರಿ, ಏದುಸಿರು. ಮೂರನೆಯದು ಸಂಬಳ: ಆಮ್ಲಜನಕ ಬಳಸಿ ನಿಧಾನವಾಗಿ ಶಕ್ತಿ ತಯಾರಿಸೋದು. ನಿಧಾನ, ಆದರೆ ಗಂಟೆಗಟ್ಟಲೆ ಬರ್ತಿರುತ್ತೆ.

ನಾನು ವರ್ಷಗಟ್ಟಲೆ ಮಾಡಿದ್ದು ಸಂಬಳದ ದಾರಿಯಲ್ಲಿ ಆರಾಮಾಗಿ ಜಾಗ್ ಮಾಡೋದು ಮಾತ್ರ. ಅದೂ ರೇಸಿಗೆ ಎರಡು ತಿಂಗಳಿರುವಾಗ ಶುರು, ರೇಸಿನ ಮಾರನೇ ದಿನ ಬಂದ್. ಸ್ನಾಯುಗಳಲ್ಲಿ ನಿಧಾನದ ಎಳೆಗಳು, ವೇಗದ ಎಳೆಗಳು ಅಂತ ಎರಡು ಮುಖ್ಯ ಬಗೆ. ಹಾಯಾಗಿ ಜಾಗ್ ಮಾಡುವಾಗ ಹೆಚ್ಚಿನ ಕೆಲಸ ನಿಧಾನದವು ಮಾಡ್ತವೆ. ವೇಗದ ಎಳೆಗಳು ಬೆಂಚಲ್ಲಿ ಕೂತಿರ್ತವೆ. ಕೆಲಸ ಕೊಡದಿದ್ದರೆ ಸೊರಗ್ತವೆ. ವಯಸ್ಸಾಗ್ತಾ ಹೆಚ್ಚು ಕ್ಷೀಣಿಸೋದೂ ಇವೇ.

‘ನನಗೇನು ಒಲಿಂಪಿಕ್ಸಿಗೆ ಹೋಗಬೇಕಿತ್ತಾ’ ಅಂತೀರಾ? ವೇಗದ ಎಳೆಗಳು ಬೇಕಾಗೋದು ಬಸ್ಸಿಗೆ, ಮಗುವಿಗೆ, ಬೀದಿನಾಯಿಗೆ. ಮುಂದೆ ಅರವತ್ತೈದಾದಾಗ ಬಾತ್‌ರೂಮಲ್ಲಿ ಕಾಲು ಜಾರಿದ ಕ್ಷಣದಲ್ಲಿ ಇನ್ನೊಂದು ಕಾಲನ್ನ ಸರಕ್ಕನೆ ಮುಂದಿಟ್ಟು ಬೀಳದೆ ಉಳಿಯೋಕೂ ಇವೇ ಬೇಕು. ಸೊಂಟದ ಮೂಳೆ ಮುರಿದು ಮಲಗಿದ ಹಿರಿಯರನ್ನ ನೋಡಿಕೊಂಡವರಿಗೆ ಈ ಮಾತು ವಿವರಿಸಬೇಕಿಲ್ಲ.

ಹಾಗಂತ ಜಾಗಿಂಗ್ ದಂಡ ಅಂತಲೂ ಅಲ್ಲ. ಖಾಲಿಯಾದ ಜೇಬು ತುಂಬೋದು ಸಂಬಳದಿಂದಲೇ. ಜೋರಾಗಿ ಓಡಿ ನಿಂತ ಮೇಲೆ ಕ್ರಿಯಾಟಿನ್ ಫಾಸ್ಫೇಟ್ ಮತ್ತೆ ಕೂಡಿಕೊಳ್ಳೋಕೆ ಕೆಲವು ನಿಮಿಷ ಬೇಕು, ಅದಕ್ಕೆ ಆಮ್ಲಜನಕವೂ ಬೇಕು. ಸ್ಟ್ಯಾಮಿನಾ ಇದ್ದವನು ಒಂದು ಸ್ಪ್ರಿಂಟ್ ಮುಗಿಸಿ ಬೇಗ ಇನ್ನೊಂದಕ್ಕೆ ರೆಡಿ. ಇಲ್ಲದವನು ಕರೆಂಟ್ ಕಂಬ ಹಿಡಕೊಂಡಿರ್ತಾನೆ. ಎರಡೂ ಬೇಕು. ನಾವು ಒಂದನ್ನ ಅರ್ಧಂಬರ್ಧ ಮಾಡಿ, ಇನ್ನೊಂದನ್ನ ಸ್ಕೂಲಿನ ಸ್ಪೋರ್ಟ್ಸ್ ಡೇಯಲ್ಲೇ ಬಿಟ್ಟುಬಂದಿದೀವಿ.

ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ನೂರು ಮೀಟರನ್ನ 9.58 ಸೆಕೆಂಡಿನಲ್ಲಿ ಓಡಿದ. ಅವನೂ ಗೆರೆ ಮುಟ್ಟೋವರೆಗೆ ವೇಗ ಹೆಚ್ಚಿಸ್ತಾ ಹೋಗಲಿಲ್ಲ. ಅರವತ್ತರಿಂದ ಎಂಬತ್ತು ಮೀಟರ್ ನಡುವೆ ಅವನ ಗರಿಷ್ಠ ವೇಗ ಬಂತು, ಆಮೇಲೆ ಇಳಿಯಿತು. ಕೊನೆಯ ಮೀಟರುಗಳಲ್ಲಿ ಗೆಲ್ಲೋದು ಕಮ್ಮಿ ನಿಧಾನವಾದವನು. ಅವನಿಗೂ ಜೇಬು ಖಾಲಿಯಾಗುತ್ತೆ. ಆದರೆ ಅವನ ಜೇಬು ದೊಡ್ಡದು, ನಮ್ಮದು ತೂತು.

ಬೋಲ್ಟ್ ಅಂದಾಗ ನೆನಪಾಯ್ತು. 2020ರ ಫೆಬ್ರವರಿಯಲ್ಲಿ ನಮ್ಮ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನ 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಅಂದರು. ಅಷ್ಟು ಸಾಕಿತ್ತು. ನಿಮ್ಮ ವಾಟ್ಸಾಪಿಗೂ ಬಂದಿರುತ್ತೆ, ನೀವೂ ಫಾರ್ವರ್ಡ್ ಮಾಡಿರ್ತೀರಿ. ನಾನಂತೂ ಮಾಡಿದ್ದೆ, ಸೋಫಾದಲ್ಲಿ ಮಲಗಿಕೊಂಡು. ಕೋಣಗಳು ಎಳೆಯುವ ಓಟಕ್ಕೂ ಟ್ರ್ಯಾಕಿನ ಓಟಕ್ಕೂ ಹೋಲಿಕೆಯೇ ಸರಿಯಲ್ಲ ಅನ್ನೋ ಯೋಚನೆಯೂ ಬರಲಿಲ್ಲ. ಕೇಂದ್ರ ಕ್ರೀಡಾಮಂತ್ರಿಗಳು ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ, ಕಂಬಳ ಬೇರೆ ಟ್ರ್ಯಾಕು ಬೇರೆ ಅನ್ನೋದು ಅವರಿಗೆ ಗೊತ್ತಿತ್ತು. ಇಡೀ ಗದ್ದಲದಲ್ಲಿ ತಲೆ ಸರಿಯಿದ್ದವರು ಅವರೊಬ್ಬರೇ ಅನ್ನಿಸ್ತು.

ನಮಗೆ ಕಾಣಬೇಕಿದ್ದದ್ದು ಬೇರೆ. ಅವರು ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದವರು. ಹೊರೋದು, ಎತ್ತೋದು, ಹತ್ತೋದು ದಿನದ ಕೆಲಸ. ಕಂಬಳ ಅದರ ಮೇಲಿನ ಅಭ್ಯಾಸ. ನಮ್ಮ ಎಳನೀರಿನವರದೂ ಅದೇ ಕಥೆ: ಬೆಳಗ್ಗೆ ಗೊನೆಗಟ್ಟಲೆ ಎಳನೀರು ಇಳಿಸಿಕೊಳ್ಳೋದು, ದಿನವಿಡೀ ನಿಂತು ಕೊಚ್ಚೋದು. ಇಂಥ ದುಡಿಮೆಯನ್ನ ವೈಭವೀಕರಿಸ್ತಿಲ್ಲ. ಅದು ಬೆನ್ನು ಮುರಿಯುತ್ತೆ, ಮಂಡಿ ಸವೆಸುತ್ತೆ, ರಜೆ ಕೊಡೋದಿಲ್ಲ. ಆ ಡೆಲಿವರಿ ಹುಡುಗನ ಓಟವೂ ಆರೋಗ್ಯಕ್ಕಲ್ಲ, ಹೊಟ್ಟೆಗೆ. ಆದರೆ ದೇಹ ತಯಾರಾಗೋದು ದಿನಾ ಕೇಳಿದ ಕೆಲಸಕ್ಕೆ ಮಾತ್ರ. ನಾವು ನಮ್ಮ ದೇಹವನ್ನ ದಿನಾ ಏನು ಕೇಳ್ತಿದೀವಿ? ಕುರ್ಚಿ ಮೇಲೆ ಕೂರು ಅಂತ. ಅದು ಚೆನ್ನಾಗಿಯೇ ಕೂರ್ತಿದೆ.

ಇಷ್ಟು ಹೇಳಿದರೆ ಬರೋ ಉತ್ತರಗಳೂ ನನಗೆ ಗೊತ್ತು. ಎಲ್ಲವನ್ನೂ ನಾನೇ ಕೊಟ್ಟಿದೀನಿ.

‘ಟೈಮಿಲ್ಲ ಗುರೂ.’ ಹತ್ತು ಸೆಕೆಂಡಿನ ಆರು ಓಟ ಅಂದರೆ ಒಂದು ನಿಮಿಷ. ನಡುವಿನ ವಿಶ್ರಾಂತಿ, ಮೊದಲಿನ ವಾರ್ಮಪ್ ಎಲ್ಲ ಸೇರಿ ಇಪ್ಪತ್ತೈದು ನಿಮಿಷ. ವಾರಕ್ಕೆರಡು ಸಲ. ಸ್ಟ್ಯಾಂಡಪ್ ಮೀಟಿಂಗು ಅಂತ ಕೂತ್ಕೊಂಡು ಮಾಡೋ ಮೀಟಿಂಗು ಇದಕ್ಕಿಂತ ಉದ್ದ ಇರುತ್ತೆ.

‘ಎಲ್ಲಿ ಓಡೋದು, ಫುಟ್‌ಪಾತೇ ಇಲ್ಲವಲ್ಲ.’ ಇದು ನಿಜ, ಇದನ್ನ ತಳ್ಳಿಹಾಕೋದಿಲ್ಲ. ಬೆಂಗಳೂರಿನ ಫುಟ್‌ಪಾತ್ ಮೇಲೆ ಕಲ್ಲು ಎದ್ದಿರುತ್ತೆ, ಟ್ರಾನ್ಸ್‌ಫಾರ್ಮರ್ ಇರುತ್ತೆ, ಸಂಜೆ ಆರರ ಮೇಲೆ ಸ್ಕೂಟರೂ ಇರುತ್ತೆ. ಪಾರ್ಕೊಂದರಲ್ಲಿ ‘ಜಾಗಿಂಗ್ ಮಾಡಬೇಡಿ’ ಅಂತ ಬೋರ್ಡು ಹಾಕಿ ಅದು ಸುದ್ದಿಯೂ ಆಗಿತ್ತು. ಓಡೋಕೆ ಜಾಗ ಕೊಡದ ಊರು ವರ್ಷಕ್ಕೊಂದು ಭಾನುವಾರ ರಸ್ತೆಗಳನ್ನೇ ಬಂದ್ ಮಾಡಿ ಓಟದ ಹಬ್ಬ ಮಾಡುತ್ತೆ. 2008ರಲ್ಲಿ ಶುರುವಾದ ವರ್ಲ್ಡ್ 10ಕೆ ಹೆಸರಿಗೆ ಜಗತ್ತಿನ ದೊಡ್ಡ ಓಟಗಾರರು ಇಲ್ಲಿಗೆ ಬಂದಿದ್ದಾರೆ. ನನಗೆ ಹೆಮ್ಮೆಯೇ. ಆದರೆ ಸೋಮವಾರ ಬೆಳಗ್ಗೆ ಅದೇ ರಸ್ತೆ ದಾಟೋಕೆ ಪ್ರಾಣ ಕೈಯಲ್ಲಿ ಹಿಡಕೋಬೇಕು. ಓಡುವವರ ಗುಂಪುಗಳಿಗೆ ಇಷ್ಟು ದೊಡ್ಡ ಸಂಖ್ಯೆಯಿದೆ, ಟೀಶರ್ಟಿನ ಕ್ವಾಲಿಟಿ ಬಗ್ಗೆ ಇಮೇಲ್ ಬರೆಯೋಕೆ ಉತ್ಸಾಹವಿದೆ. ವಾರ್ಡಿನ ಫುಟ್‌ಪಾತಿಗೆ ಒಂದು ಅರ್ಜಿ ಬರೆಯೋಕೆ ಯಾಕಿಲ್ಲ?

ಹೆಂಗಸರಿಗೆ ಈ ಕಷ್ಟ ಎರಡು ಪಟ್ಟು. ಬೆಳಗಿನ ಐದೂವರೆಗೆ ಒಬ್ಬಳೇ ರಸ್ತೆಗಿಳಿಯೋ ಮುಂಚೆ ನನ್ನ ಹೆಂಡತಿ ಲೆಕ್ಕ ಹಾಕಬೇಕಾದ ವಿಷಯಗಳು ನನ್ನ ತಲೆಗೆ ಬಂದೇ ಇಲ್ಲ: ಬೀದಿದೀಪ ಎಲ್ಲಿವರೆಗಿದೆ, ಯಾವ ಮೂಲೆಯಲ್ಲಿ ಯಾರು ನಿಂತಿರ್ತಾರೆ, ಯಾವ ಬಟ್ಟೆ. ‘ಸುಮ್ಮನೆ ಎದ್ದು ಓಡಿ’ ಅಂತ ಅವರಿಗೆ ಭಾಷಣ ಬಿಗಿಯೋದು ಸುಲಭ. ಬೆಳಗ್ಗೆ ಮಗುವಿನ ಡಬ್ಬಿ ಯಾರು ಕಟ್ತಾರೆ ಅನ್ನೋ ಪ್ರಶ್ನೆಯೂ ಅದರಲ್ಲಿ ಸೇರಿದೆ. ಗಂಡಸರು ಓಡೋಕೆ ಹೋದ ಆ ಒಂದು ಗಂಟೆಯಲ್ಲಿ ಮನೆ ತಾನಾಗೇ ನಡೆಯೋದಿಲ್ಲ.

ಇನ್ನೊಂದು ಉತ್ತರ ಎಲ್ಲಕ್ಕಿಂತ ಗಟ್ಟಿ: ‘ಅಪ್ಪು ಅಷ್ಟು ಫಿಟ್ ಇದ್ರಲ್ಲ, ಅವರಿಗೇ ಹಾಗಾಯ್ತು.’ 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ನಲವತ್ತಾರಕ್ಕೇ ಹೊರಟುಹೋದಾಗ ನಾವೆಲ್ಲ ಒಳಗೊಳಗೇ ಎದೆ ಮುಟ್ಟಿ ನೋಡಿಕೊಂಡೆವು. ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಅದು ಸರಿಯಾದ ಪ್ರತಿಕ್ರಿಯೆ. ಆದರೆ ಇನ್ನಷ್ಟು ಜನ ಜಿಮ್ ಬಿಟ್ಟು, ಸಿಗರೇಟು ಬಿಡದೆ, ‘ಇದೆಲ್ಲ ಹಣೆಬರಹ’ ಅಂದರು. ವ್ಯಾಯಾಮ ಯಾರಿಗೂ ಗ್ಯಾರಂಟಿ ಕಾರ್ಡ್ ಕೊಡೋದಿಲ್ಲ. ಅದು ಅಪಾಯ ಕಮ್ಮಿ ಮಾಡುತ್ತೆ, ಅಳಿಸೋದಿಲ್ಲ. ಸೀಟ್‌ಬೆಲ್ಟ್ ಹಾಕಿದವರೂ ಆಕ್ಸಿಡೆಂಟಲ್ಲಿ ಹೋಗ್ತಾರೆ ಅಂತ ಬೆಲ್ಟ್ ಬಿಚ್ಚೋದುಂಟಾ? ಬಿಪಿ, ಶುಗರ್ ಇದ್ದವರು, ಮನೆಯಲ್ಲಿ ಹೃದಯದ ಕಾಯಿಲೆ ಇರುವವರು, ನಡೆದಾಗ ಎದೆ ಹಿಡಿದಂತಾಗುವವರು ಮೊದಲು ಡಾಕ್ಟರ ಹತ್ತಿರ ಹೋಗಿ. ಜೋರಾದ ಓಟ ಆಮೇಲೆ.

ಉಳಿದವರು ಈ ಲೇಖನ ಓದಿ ನಾಳೆಯೇ ರಸ್ತೆಯಲ್ಲಿ ಬೋಲ್ಟ್ ಆಗೋಕೆ ಹೋಗಬೇಡಿ. ತೊಡೆಯ ಹಿಂದಿನ ಸ್ನಾಯು ಹಿಡಿದುಕೊಂಡರೆ ವಾರಗಟ್ಟಲೆ ಕುಂಟಬೇಕಾಗುತ್ತೆ. ನಾನು ಕುಂಟಿದೀನಿ. ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಲಿಫ್ಟ್ ಬಿಟ್ಟು ನಾಲ್ಕು ಮಹಡಿ ನಿಲ್ಲದೆ ಹತ್ತಿ. ಮೇಲೆ ಹೋದಮೇಲೆ ಒಂದು ಪೂರ್ತಿ ವಾಕ್ಯ ಮಾತಾಡೋಕೆ ಆಗುತ್ತಾ? ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಏಳೋಕೆ ಆಗುತ್ತಾ? ನಮ್ಮಜ್ಜಿ ಎಪ್ಪತ್ತರಲ್ಲೂ ಹಾಗೆ ಏಳ್ತಿದ್ದಳು. ಯಾವ ಆ್ಯಪೂ ಅವಳಿಗೆ ಬ್ಯಾಡ್ಜ್ ಕೊಟ್ಟಿರಲಿಲ್ಲ.

ಆಮೇಲೆ ಒಂದೂವರೆ, ಎರಡು ತಿಂಗಳು ಬಿರುಸು ನಡಿಗೆ, ಮೆಟ್ಟಿಲು, ಒಂದಷ್ಟು ಬಸ್ಕಿ. ನಂತರ ವಾರಕ್ಕೆ ಎರಡು ದಿನ, ಚೆನ್ನಾಗಿ ವಾರ್ಮಪ್ ಮಾಡಿ, ಸಣ್ಣ ಏರಿನಲ್ಲಿ ಹತ್ತು ಸೆಕೆಂಡು ಓಡಿ. ಪೂರ್ತಿ ಜೋರಲ್ಲ, ಮುಕ್ಕಾಲು ಭಾಗ. ನಡೆಯುತ್ತಾ ಇಳಿದು, ಉಸಿರು ತಹಬದಿಗೆ ಬರೋವರೆಗೆ ಕಾಯಿರಿ. ಮತ್ತೆ ಓಡಿ. ನಾಲ್ಕು ಸಲದಿಂದ ಶುರು ಮಾಡಿ ಆರಕ್ಕೆ ನಿಲ್ಲಿಸಿ. ಏರಾದರೆ ವೇಗ ತಾನಾಗೇ ಮಿತಿಯಲ್ಲಿರುತ್ತೆ, ಸ್ನಾಯು ಎಳೆದುಕೊಳ್ಳೋ ಅಪಾಯವೂ ಕಮ್ಮಿ. ಕೊತ್ತಂಬರಿ ಸೊಪ್ಪಿಗೆ ನೀವೇ ನಡೆದುಹೋಗಿ. ಮುಂದಿನ ವರ್ಷ ರೇಸಿಗೂ ಹೋಗಿ, ಬೇಡ ಅನ್ನೋದಿಲ್ಲ. ಆದರೆ ಅದು ವರ್ಷವಿಡೀ ಓಡಿದವನ ಹಬ್ಬವಾಗಲಿ, ಓಡದವನ ಪ್ರಾಯಶ್ಚಿತ್ತವಾಗೋದು ಬೇಡ.

ನಾನು ಮೆಡಲ್ಲು ಇಳಿಸಿಲ್ಲ, ಮೊಳೆ ಕಿತ್ತರೆ ಗೋಡೆ ಹಾಳಾಗುತ್ತೆ ಅಂತ ಹೆಂಡತಿ ಬಿಡಲಿಲ್ಲ. ಸಂಜೆ ಮಗಳನ್ನ ಕರ್ಕೊಂಡು ಅದೇ ಇಳಿಜಾರಿನ ರಸ್ತೆಗೆ ಹೋಗ್ತೀನಿ. ಈಗ ಅವಳಿಗೆ ಆರು ವರ್ಷ. ಕೆಳಗಿನಿಂದ ಮೇಲಕ್ಕೆ, ಮೇನ್ ರೋಡಿಗೆ ಬೆನ್ನು ಹಾಕಿ, ಇಬ್ಬರೂ ಓಡ್ತೀವಿ. ಎಳನೀರಿನವರು ಮೂಲೆಯಿಂದ ನೋಡ್ತಾ ಇರ್ತಾರೆ. ಮೊನ್ನೆ ಎಳನೀರು ಕೊಚ್ಚಿಕೊಡುತ್ತಾ ಅವರು ಹೇಳಿದರು: ‘ಪರವಾಗಿಲ್ಲ ಸಾರ್, ಈಗ ಸ್ವಲ್ಪ ಓಡ್ತೀರಿ.’